ಹೊಸ್ತಿಲ ಮೇಲಿನ ಕವಿತೆ

ಹೊಸದುರ್ಗ ತಾಲ್ಲೂಕಿನ ನಮ್ಮ ಮತ್ತೋಡು ಹಿಂದೊಮ್ಮೆ ಎರಡು ಕಾರಣಗಳಿಗಾಗಿ ಹೆಸರಾಗಿತ್ತು. ಒಂದು, ಇಲ್ಲಿ ನೆಲೆಯಾಗಿದ್ದ ಪಾಳೆಯಗಾರರು; ಇನ್ನೊಂದು, ಇಲ್ಲಿ ಕಾಯಿಸುತ್ತಿದ್ದ ಬಳೆಯ ಗಾಜು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಗ್ರಂಥದಲ್ಲಿ ಮತ್ತೋಡಿನ ಗಾಜಿನ ಕೆಲಸವನ್ನು ಬಣ್ಣಿಸಿದ್ದಾನೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣದ ಗಾಜು ಇಲ್ಲಿ ಆಗುತ್ತಿತ್ತಂತೆ. ಪಾಳೆಯಗಾರರೂ ಹೋದರು, ಗಾಜಿನ ಒಲೆಗಳೂ ಆರಿದುವು. ಆದರೆ ನಾನು ಚಿಕ್ಕವನಾಗಿದ್ದಾಗ ಬಳೆಗಾರ ಮಾತ್ರ ಇನ್ನೂ ಬರುತ್ತಿದ್ದ. ಪಕ್ಕದ ಮನೆಯ ಜಗಲಿಯ ಮೇಲೆ ಕನ್ನಡದಲ್ಲಿ ಬೆಲೆ ಹೇಳಿ, ನಮ್ಮ ಜಗಲಿಗೆ ಬಂದೊಡನೆ ತೆಲುಗಿಗೆ ತಿರುಗುತ್ತಿದ್ದ. ಏಕೆಂದರೆ ನಮ್ಮ ಮನೆಯ ಮಾತು ತೆಲುಗು. ನಮ್ಮ ಅಜ್ಜಿ ಬಳೆಯ ಬೆಲೆಯನ್ನು ತನ್ನ ಮಾತಿನಲ್ಲಲ್ಲದೆ ಚೌಕಾಸಿ ಮಾಡುತ್ತಿರಲಿಲ್ಲ. ಆ ಮಾತಿನ ಬದಲಾವಣೆಯಲ್ಲಿ ಅವನಿಗೂ ವಿಶೇಷವೇನೂ ಕಾಣುತ್ತಿರಲಿಲ್ಲ, ನಮಗೂ ಕಾಣುತ್ತಿರಲಿಲ್ಲ.

ನಮ್ಮ ಸೀಮೆಯ ಹೊಳೆಯೂ ಇಂತಹುದೇ. ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದು ಬರುವ ವೇದಾ ಎಂಬುದೊಂದು, ಅವತಿ ಎಂಬುದೊಂದು. ಕಡೂರಿನ ಬಳಿ ಎರಡೂ ಕೂಡಿ ವೇದಾವತಿಯಾಗುತ್ತವೆ. ಆ ವೇದಾವತಿ ನಮ್ಮ ತಾಲ್ಲೂಕನ್ನು ದಾಟಿ, ಹಿರಿಯೂರಿನ ವಾಣೀವಿಲಾಸಸಾಗರದಲ್ಲಿ ನಿಂತು, ಮುಂದೆ ಆಂಧ್ರದ ನೆಲವನ್ನು ಸೇರಿ ಹಗರಿ ಎನ್ನಿಸಿಕೊಂಡು ತುಂಗಭದ್ರೆಯನ್ನು ಕೂಡುತ್ತದೆ. ಹೊಳೆಗೆ ಇದರಿಂದ ತೊಂದರೆಯಾದಂತಿಲ್ಲ. ತೊಂದರೆ ಶುರುವಾಗುವುದು ಮನುಷ್ಯನು ಶಾಲೆಗೆ ಹೋದಮೇಲೆ.

ನಾನು ಐದನೆಯ ತರಗತಿಯಲ್ಲಿದ್ದಾಗ ಬೆಳದಿಂಗಳ ರಾತ್ರಿಯನ್ನು ಕುರಿತು ಒಂದು ಪ್ರಬಂಧ ಬರೆಯಬೇಕಾಗಿ ಬಂತು. ಅಜ್ಜಿ ಬೆಳದಿಂಗಳಲ್ಲಿ ಕೈತುತ್ತು ಹಾಕುವಾಗ ಹಾಡುತ್ತಿದ್ದ ಹಾಡು ತಲೆಯಲ್ಲಿ ತುಂಬಿಕೊಂಡಿದ್ದುದರಿಂದ, ಬರೆಯುವ ಭರದಲ್ಲಿ ಬೆಳದಿಂಗಳು ಎಂಬಲ್ಲಿ ‘ವೆನ್ನೆಲ’ ಎಂದು ಬರೆದುಬಿಟ್ಟೆ. ಮೇಷ್ಟರು ಅದನ್ನು ಇಡೀ ತರಗತಿಗೆ ಓದಿ ಹೇಳಿ, “ಇದು ಯಾವ ದೇಶದ ಚಂದ್ರನಪ್ಪಾ?” ಎಂದು ಕೇಳಿದರು. ಹುಡುಗರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಅಂದಿನಿಂದ ನಮ್ಮ ಮನೆಯ ಮಾತು ಹೊಸ್ತಿಲು ದಾಟಿ ಹೊರಗೆ ಬರಲಿಲ್ಲ. ಕನ್ನಡವನ್ನು ನಾನು ಪ್ರೀತಿಯಿಂದಲೇ ಓದಿದೆ, ಕನ್ನಡದಲ್ಲಿಯೇ ಎಂ.ಎ. ಮಾಡಿದೆ, ಕನ್ನಡವನ್ನೇ ಪಾಠ ಹೇಳಿ ಅನ್ನ ತಿನ್ನುತ್ತಿದ್ದೇನೆ. ಇದರಲ್ಲಿ ನನಗೆ ಕಿಂಚಿತ್ತೂ ವಿಷಾದವಿಲ್ಲ. ವಿಷಾದವಿರುವುದು ಬೇರೆ ಎರಡು ಸಂಗತಿಗಳಿಗೆ. ಅಜ್ಜಿ ತೀರಿಕೊಂಡಾಗ ಅವಳ ಹಾಡುಗಳಲ್ಲಿ ಒಂದನ್ನೂ ನಾನು ಬರೆದಿಟ್ಟುಕೊಂಡಿರಲಿಲ್ಲ ಎಂಬುದು ಒಂದು. ಇನ್ನೊಂದು ಇದಕ್ಕಿಂತ ಕೆಟ್ಟದ್ದು.

ನಾನು ಅಧ್ಯಾಪಕನಾದ ಹೊಸದರಲ್ಲಿ, 2009ರಲ್ಲಿ, ಲಂಬಾಣಿ ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗಿ ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ಒಂದು ಪದ್ಯವನ್ನು ತಂದುಕೊಟ್ಟಳು. ತಾಯಿ ಕಬ್ಬು ಕಡಿಯಲು ದೂರದೇಶಕ್ಕೆ ಹೋದದ್ದನ್ನು ಕುರಿತ ಪದ್ಯ. ಎಲ್ಲವೂ ಕನ್ನಡವೇ. ಆದರೆ ತಾಯಿ ಎಂದು ಬರುವಲ್ಲೆಲ್ಲ ‘ಯಾಡಿ’ ಎಂದು ಬರೆದಿದ್ದಳು. ನಾನು ಕೆಂಪು ಮಸಿಯಲ್ಲಿ ಪ್ರತಿಯೊಂದು ಯಾಡಿಯನ್ನೂ ಹೊಡೆದುಹಾಕಿ, ಮೇಲೆ ‘ತಾಯಿ’ ಎಂದು ಬರೆದು, “ಭಾಷೆ ಶುದ್ಧವಾಗಿರಬೇಕಮ್ಮ” ಎಂದು ಬುದ್ಧಿ ಹೇಳಿ ಹಿಂದಕ್ಕೆ ಕೊಟ್ಟೆ. ಅವಳು ಆ ಪದ್ಯವನ್ನು ಸಂಚಿಕೆಗೆ ಕೊಡಲಿಲ್ಲ. ಏಕೆಂದು ನಾನು ಕೇಳಲೂ ಇಲ್ಲ. ಐದನೆಯ ತರಗತಿಯ ನಗು ಆಗ ನನ್ನ ನೆನಪಿಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು! ಬರಲಿಲ್ಲ.

ಅದು ನೆನಪಿಗೆ ಬಂದುದು ಮೂರು ವರ್ಷಗಳ ತರುವಾಯ, ಒಂದು ಅಟ್ಟದ ಮೇಲೆ. ನಮ್ಮೂರಿನ ನಿವೃತ್ತ ಉಪಾಧ್ಯಾಯರೊಬ್ಬರು ಕಾಲವಾದಮೇಲೆ ಅವರ ಮನೆಯವರು ಪುಸ್ತಕಗಳನ್ನು ವಿಲೇವಾರಿ ಮಾಡಲು ನನ್ನನ್ನು ಕರೆದಿದ್ದರು. ಧಾರವಾಡದ ಮನೋಹರ ಗ್ರಂಥಮಾಲೆಯು 1933ರಲ್ಲಿ ಆರಂಭವಾದಂದಿನಿಂದ ಚಂದಾದಾರರ ಮನೆಬಾಗಿಲಿಗೆ ಪುಸ್ತಕ ಕಳಿಸುತ್ತಿದ್ದ ಸಂಗತಿ ಹಳೆಯ ವಾಚಕರಿಗೆ ತಿಳಿದಿದೆ. ಆ ಮಾಲೆಯ ಒಂದು ಗಂಟು ಅಲ್ಲಿತ್ತು. ಅದರಲ್ಲಿ ಒಂದು ತೆಳುವಾದ ಹೊತ್ತಗೆ: ‘ಹೊಕ್ಕುಳಲ್ಲಿ ಹೂವಿಲ್ಲ’, 1969, ಕವಿ ಎ. ಕೆ. ರಾಮಾನುಜನ್. ರಾಮಾನುಜನ್ ಎಂದರೆ ವಚನಗಳನ್ನು ಇಂಗ್ಲಿಷಿಗೆ ಕೊಂಡೊಯ್ದವರು, ಷಿಕಾಗೋದಲ್ಲಿದ್ದವರು, ಇಂಗ್ಲಿಷಿನ ಕವಿ, ಎಂದಷ್ಟೇ ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಅವರ ಕನ್ನಡ ಕವಿತೆಗಳಿಗೆ ಒಂದು ವಾಕ್ಯ ಮೀಸಲು. ಆ ಪುಸ್ತಕವನ್ನು ಅಟ್ಟದ ಕಿಂಡಿಯ ಬೆಳಕಿನಲ್ಲಿ ನಿಂತೇ ಓದಿದೆ. ಕೆಳಗಿನಿಂದ ಕಾಫಿ ಆರಿಹೋಗುತ್ತದೆಂದು ಕೂಗುತ್ತಿದ್ದರು.

ಏನಿತ್ತು ಅದರಲ್ಲಿ? ದೇಶ ಬಿಟ್ಟವನ ಅಳು ಇರಲಿಲ್ಲ. ತಾಯ್ನಾಡಿನ ಬೆಟ್ಟ, ನದಿ, ತೋರಣಗಳ ಸ್ಮರಣೆ ಇರಲಿಲ್ಲ. ಮೈ, ಮನೆ, ಮನೆಯ ಜನ, ದಿನಬಳಕೆಯ ಸಾಮಾನು, ಒಣನಗೆ ಇವೇ ಇದ್ದುವು. ಮಾತು ಮೈಸೂರಿನ ಬೀದಿಯ ಮಾತು. ಪುಸ್ತಕದ ಹೆಸರೇ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಪದ್ಮನಾಭನ ಹೊಕ್ಕುಳಲ್ಲಿ ತಾವರೆ ಅರಳಿ ಅದರಲ್ಲಿ ಬ್ರಹ್ಮನು ಹುಟ್ಟಿದನೆಂದು ಪುರಾಣ. ತನ್ನ ಹೊಕ್ಕುಳಲ್ಲಿ ಹಾಗೆ ಹೂವಿಲ್ಲವೆಂದು ಒಬ್ಬನು ಸಾವಧಾನವಾಗಿ ನೋಡಿಕೊಂಡು ಹೇಳಿದರೆ, ಅವನು ಪುರಾಣವನ್ನು ಮರೆತವನೂ ಅಲ್ಲ, ಅದರೊಳಗೆ ಹಾಯಾಗಿ ಮಲಗಿದವನೂ ಅಲ್ಲ. ಒಳಗೊಂದು ಕಾಲು, ಹೊರಗೊಂದು ಕಾಲು. ಹೊಸ್ತಿಲ ಮೇಲೆ ನಿಲ್ಲಬಾರದೆಂದು ನಮ್ಮ ಹಿರಿಯರು ಮಕ್ಕಳನ್ನು ಗದರಿಸುತ್ತಾರೆ. ಇಲ್ಲಿ ಒಬ್ಬರು ಅಲ್ಲಿಯೇ ನಿಂತು ಕವಿತೆ ಬರೆದಿದ್ದರು.

ರಾಮಾನುಜನ್ ಅವರ ಬಾಲ್ಯದ ಮನೆಯನ್ನು ತಿಳಿದರೆ ಈ ನಿಲುವಿನ ಅರ್ಥವು ಇನ್ನೂ ಸ್ಪಷ್ಟವಾಗುತ್ತದೆ. ಅವರು ಹುಟ್ಟಿದುದು 1929ರ ಮಾರ್ಚ್ 16ರಂದು, ಮೈಸೂರಿನಲ್ಲಿ. ಮನೆಮಾತು ತಮಿಳು. ಮನೆಯ ಕೆಳಗೆ, ಅಡಿಗೆಮನೆಯಲ್ಲಿ, ತಾಯಿಯೊಡನೆ ತಮಿಳು. ಮಹಡಿಯ ಮೇಲೆ, ತಂದೆಯ ಓದುವ ಕೋಣೆಯಲ್ಲಿ, ಇಂಗ್ಲಿಷು. ಬಾಗಿಲಾಚೆ ಬೀದಿಯಲ್ಲಿ ಕನ್ನಡ. ತಂದೆ ಗಣಿತದ ಪ್ರಾಧ್ಯಾಪಕರು, ಖಗೋಳಶಾಸ್ತ್ರ ಬಲ್ಲವರು, ಜೊತೆಗೆ ಜ್ಯೋತಿಷ್ಯವನ್ನೂ ನಂಬಿದವರು. ಪಂಚೆಯ ಮೇಲೆ ಕೋಟು. ಹಣೆಯಲ್ಲಿ ನಾಮ, ಕೊರಳಲ್ಲಿ ಟೈ. ಒಂದು ದಿನ ಹರೆಯದ ಮಗನು, ಗ್ರಹಗಳ ಶಾಸ್ತ್ರವನ್ನೂ ಗ್ರಹಚಾರದ ಶಾಸ್ತ್ರವನ್ನೂ ಒಟ್ಟಿಗೆ ಹೇಗೆ ನಂಬುತ್ತೀರಿ ಎಂದು ಕೇಳಿದನಂತೆ. ಮಿದುಳಿಗೆ ಎರಡು ಪಾಲುಗಳಿವೆಯೆಂಬುದು ನಿನಗೆ ತಿಳಿಯದೆ ಎಂದು ತಂದೆ ನಕ್ಕುಬಿಟ್ಟರಂತೆ. ಭಾರತೀಯರ ಯೋಚನಾಕ್ರಮವನ್ನು ಕುರಿತು 1989ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಲೇಖನದಲ್ಲಿ ರಾಮಾನುಜನ್ ಇದನ್ನು ಹೇಳಿಕೊಂಡಿದ್ದಾರೆ. ಎರಡು ಲೋಕಗಳ ನಡುವೆ ಬದುಕುವುದನ್ನು ಅವರು ಹಡಗು ಹತ್ತಿ ಹೋಗಿ ಕಲಿಯಬೇಕಾಗಿರಲಿಲ್ಲ. ಮಹಡಿಯ ಮೆಟ್ಟಿಲು ಹತ್ತಿ ಇಳಿದೇ ಕಲಿತಿದ್ದರು.

ಮುಂದಿನ ಕತೆ ಸಂಕ್ಷೇಪವಾಗಿ ಹೀಗೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ವ್ಯಾಸಂಗ. ಕೊಲ್ಲಂ, ಬೆಳಗಾವಿ, ಬರೋಡಾಗಳಲ್ಲಿ ಅಧ್ಯಾಪಕ ವೃತ್ತಿ. ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡದ ಗಾದೆಗಳನ್ನೂ ಜನಪದ ಕತೆಗಳನ್ನೂ ಕೂಡಿಸಿಕೊಂಡರು. 1955ರಲ್ಲಿ ಗಾದೆಗಳನ್ನು ಕುರಿತ ಪುಸ್ತಕ ಬಂತು. 1959ರಲ್ಲಿ ಅಮೆರಿಕೆಗೆ ಹೋಗಿ, 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಭಾಷಾವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ತರುವಾಯ ಬಾಳೆಲ್ಲ ಷಿಕಾಗೋ ವಿಶ್ವವಿದ್ಯಾಲಯದಲ್ಲಿ. 1966ರಲ್ಲಿ ಇಂಗ್ಲಿಷಿನ ಮೊದಲ ಕವನಸಂಗ್ರಹ ‘ದಿ ಸ್ಟ್ರೈಡರ್ಸ್’ ಬಂದರೆ, 1969ರಲ್ಲಿ ಕನ್ನಡದ್ದು ಬಂತು. 1973ರಲ್ಲಿ ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳು ‘ಸ್ಪೀಕಿಂಗ್ ಆಫ್ ಶಿವ’ ಎಂದು ಇಂಗ್ಲಿಷಿನಲ್ಲಿ ಬಂದುವು. 1990ರಲ್ಲಿ ‘ಕುಂಟೋಬಿಲ್ಲೆ’ ಎಂಬ ಕನ್ನಡ ಕವನಸಂಗ್ರಹ. 1993ರ ಜುಲೈ 13ರಂದು ಷಿಕಾಗೋದಲ್ಲಿಯೇ ಅವರು ತೀರಿಕೊಂಡರು. ಇಂಡಿಯನ್-ಅಮೆರಿಕನ್ ಎಂದು ಬರೆಯುವಾಗ ನಡುವೆ ಎಳೆಯುವ ಅಡ್ಡಗೆರೆಯೇ ನಾನು ಎಂದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಿದ್ದರು.

ಈಗ ಇತಿಹಾಸದ ಪ್ರಶ್ನೆ. ಎರಡು ಸಂಸ್ಕೃತಿಗಳ ನಡುವೆ ಬದುಕುವುದು ನಮ್ಮ ಕಾವ್ಯಕ್ಕೆ ಹೊಸದೇ? ಖಂಡಿತ ಅಲ್ಲ. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥವಾದ ಕವಿರಾಜಮಾರ್ಗವೇ ಒಂಬತ್ತನೆಯ ಶತಮಾನದಲ್ಲಿ ಈ ನಡುವಿನ ಜಾಗವನ್ನು ಹಿಡಿದು ವಿಚಾರ ಮಾಡಿದೆ. ಸಂಸ್ಕೃತವನ್ನೂ ಕನ್ನಡವನ್ನೂ ಹೇಗೆ ಬೆರೆಸಬೇಕು, ಹೇಗೆ ಬೆರೆಸಬಾರದು ಎಂಬುದು ಅದರ ಮುಖ್ಯ ಚಿಂತೆಗಳಲ್ಲೊಂದು. ಹದಗೆಟ್ಟ ಬೆರಕೆಯನ್ನು ಅದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದುದಕ್ಕೆ ಹೋಲಿಸುತ್ತದೆ. ಬೆರಸಲೇಬೇಡಿ ಎನ್ನುವುದಿಲ್ಲ, ಹಾಲು ಒಡೆಯದಂತೆ ನೋಡಿಕೊಳ್ಳಿ ಎನ್ನುತ್ತದೆ.

ಮುಂದಿನ ಶತಮಾನದ ಪಂಪನನ್ನು ನೋಡಿ. ಅವನ ಹಿರಿಯರು ವೆಂಗಿನಾಡಿನವರು. ತಂದೆ ಭೀಮಪಯ್ಯ ವೈದಿಕ ಮನೆತನದಲ್ಲಿ ಹುಟ್ಟಿ ಜೈನನಾದವನು. ಮಗನು ಜಿನನ ಕತೆಯನ್ನು ‘ಆದಿಪುರಾಣ’ವಾಗಿಯೂ, ಪಾಂಡವರ ಕತೆಯನ್ನು ‘ವಿಕ್ರಮಾರ್ಜುನ ವಿಜಯ’ವಾಗಿಯೂ ಬರೆದ. ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಬಂಡೆಯ ಮೇಲೆ ಬರೆಯಿಸಿದ ಶಾಸನವಂತೂ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಇದೆ. ಒಂದೇ ಬಂಡೆ, ಒಂದೇ ಮನೆತನದ ಮಾತು, ಮೂರು ನುಡಿ. ಆ ಬಂಡೆಯ ಮುಂದೆ ನಿಂತು “ನಿನ್ನ ನಿಜವಾದ ಭಾಷೆ ಯಾವುದಯ್ಯಾ?” ಎಂದು ಜಿನವಲ್ಲಭನನ್ನು ಕೇಳಿದ್ದರೆ ಅವನಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲವೇನೋ.

ನಮ್ಮ ಹೊಸಗನ್ನಡಕ್ಕೆ ಬಂದರೆ ಈ ಪಟ್ಟಿ ಇನ್ನೂ ಬೆಳೆಯುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು, ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರದೂ ತಮಿಳು. ಮಂಜೇಶ್ವರದ ಗೋವಿಂದ ಪೈಗಳದು ಕೊಂಕಣಿ. ಬೇಂದ್ರೆಯವರದು ಮರಾಠಿ, ಅವರು ಮರಾಠಿಯಲ್ಲಿಯೂ ಬರೆದವರು. ಇವರನ್ನೆಲ್ಲ ತೆಗೆದಿಟ್ಟರೆ ಇಪ್ಪತ್ತನೆಯ ಶತಮಾನದ ಕನ್ನಡದಲ್ಲಿ ಎಷ್ಟು ಉಳಿದೀತು! ಇವರೆಲ್ಲರೂ ಕನ್ನಡಕ್ಕೆ ಹೊರಗಿನಿಂದ ಬಂದ ಅತಿಥಿಗಳೆಂದು ಯಾರಾದರೂ ಹೇಳಿದರೆ ನಾವು ಕಿವಿ ಮುಚ್ಚಿಕೊಳ್ಳುತ್ತೇವೆ, ಅದು ನ್ಯಾಯವೇ.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಈ ಹಿರಿಯರು ಎರಡು ಮನೆಗಳಲ್ಲಿ ಬಾಳಿದರು. ಆ ಬಾಳನ್ನೇ ಕಾವ್ಯದ ದೊಡ್ಡ ವಸ್ತುವನ್ನಾಗಿ ಮಾಡಲಿಲ್ಲ. ಮಾಸ್ತಿಯವರ ಕತೆಗಳಲ್ಲಿ ಕನ್ನಡವು ತಿಳಿನೀರಿನಂತೆ ಹರಿಯುತ್ತದೆ. ಆ ನೀರು ಇನ್ನೊಂದು ಮನೆಯ ಅಂಗಳವನ್ನು ಹಾದು ಬಂತೆಂಬುದು ತಿಳಿಯುವುದೇ ಇಲ್ಲ. ಇಂಗ್ಲಿಷಿನ ವಿಷಯದಲ್ಲಿಯೂ ಹೀಗೆಯೇ ಆಯಿತು. ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿದರು. ಆಮೇಲೆ ‘ಇಂಗ್ಲಿಷ್ ಗೀತಗಳು’ ಕೊಟ್ಟು ಹೊರಗಿನ ಕಾವ್ಯವನ್ನು ಒಳಗಿನದಾಗಿ ಮಾಡಿದರು. ಅಂದಿನವರಿಗೆ ಎರಡರ ನಡುವಿನ ಜಾಗವು ಸೇತುವೆಯಾಗಿತ್ತು. ಸೇತುವೆಯ ಮೇಲೆ ಸರಕು ಸಾಗಿಸಬೇಕು. ಅಲ್ಲಿ ಯಾರೂ ಮನೆ ಕಟ್ಟುವುದಿಲ್ಲ.

ಸೇತುವೆಯ ಮೇಲೆಯೇ ತನ್ನ ಮನೆ ಇದೆಯೆಂದು ಕಂಡುಕೊಂಡವನ ಮಾತು ನಮ್ಮಲ್ಲಿ ಜೋರಾಗಿ ಕೇಳಿಸತೊಡಗಿದುದು 1950ರಿಂದೀಚೆಗೆ. ಬದುಕು ಹಳೆಯದು, ಅದನ್ನು ಬಾಯಿಬಿಟ್ಟು ಹೇಳುವುದು ಹೊಸದು. ಇದಕ್ಕೆ ಎರಡು ಕಾರಣಗಳು ನನಗೆ ಕಾಣುತ್ತವೆ. 1956ರ ನವೆಂಬರ್ 1ರಂದು ಭಾಷೆಯನ್ನು ಹಿಡಿದು ರಾಜ್ಯಗಳ ಗಡಿ ಎಳೆದರು. ನಮಗೆ ಬಹುಕಾಲದ ಕನಸು ಕೈಗೂಡಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಗೋವಿಂದ ಪೈಗಳ ಮಂಜೇಶ್ವರವು ಅವರು ಬದುಕಿರುವಾಗಲೇ ಬೇರೆ ರಾಜ್ಯದ ಊರಾಯಿತು. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಜೀವಮಾನವೆಲ್ಲ ಆ ನೋವನ್ನು ಹಾಡಿದರು, ಅದಕ್ಕಾಗಿ ಹೋರಾಡಿದರು. ಗೆರೆ ಎಳೆದಮೇಲೆ ಗೆರೆಯ ಮೇಲಿರುವವನಿಗೆ ನೀನು ಯಾವ ಕಡೆಯವನು ಎಂಬ ಪ್ರಶ್ನೆ ಬಂದೇ ಬರುತ್ತದೆ. ಎರಡನೆಯ ಕಾರಣ ನವ್ಯಕಾವ್ಯ. ಅದು ಕವಿಯನ್ನು ನಾಡಿನ ಪರವಾಗಿ ಮಾತಾಡುವ ಹೊಣೆಯಿಂದ ಬಿಡಿಸಿ, ತನ್ನ ಪರವಾಗಿ ಮಾತಾಡು ಎಂದಿತು. ತನ್ನೊಳಗೆ ನೋಡಿಕೊಂಡವನಿಗೆ ಅಲ್ಲಿ ಒಬ್ಬನಲ್ಲ, ಇಬ್ಬರು ಮೂವರು ಕಂಡರು.

ಕೆ. ಎಸ್. ನಿಸಾರ್ ಅಹಮದರು ಇದಕ್ಕೆ ಒಳ್ಳೆಯ ನಿದರ್ಶನ. 1936ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದವರು, ಮನೆಮಾತು ಉರ್ದು, ವೃತ್ತಿ ಭೂವಿಜ್ಞಾನದ ಪಾಠ. ಇವರ ‘ನಿತ್ಯೋತ್ಸವ’ವನ್ನು ಹಾಡದ ರಾಜ್ಯೋತ್ಸವವಿಲ್ಲ. ನಾಡನ್ನು ಅಷ್ಟು ತುಂಬುಕಂಠದಿಂದ ಹಾಡಿದ ಕವಿಯೇ ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಎಂಬ ಕವಿತೆಯನ್ನೂ ಬರೆದರು. ಅದರ ಸಂಕಟ ಅದರ ಹೆಸರಿನಲ್ಲಿಯೇ ಇದೆ. ನಾವು ಮೊದಲನೆಯದನ್ನು ವೇದಿಕೆಯ ಮೇಲೆ ಹಾಡುತ್ತೇವೆ. ಎರಡನೆಯದನ್ನು ಪರೀಕ್ಷೆಗೆ ಓದಿ ಮರೆಯುತ್ತೇವೆ. ಎರಡನ್ನೂ ಬರೆದ ಕೈ ಒಂದೇ ಎಂಬುದನ್ನು ನೆನೆದಾಗ ಮಾತ್ರ ಎರಡರ ಅರ್ಥವೂ ಪೂರ್ಣವಾಗುತ್ತದೆ. 2020ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳಲ್ಲಿ ಮತ್ತೆ ನಿತ್ಯೋತ್ಸವವೇ ತುಂಬಿತ್ತು. ಅದು ತಪ್ಪಲ್ಲ, ಆದರೆ ಅರ್ಧ.

ಷಿಕಾಗೋದ ರಾಮಾನುಜನ್ ಅವರ ಜೀವನದಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ಹೇಳಬೇಕು. 1962ರಲ್ಲಿ, ವಿಶ್ವವಿದ್ಯಾಲಯಕ್ಕೆ ಸೇರಿದ ಹೊಸದರಲ್ಲಿ, ಅವರು ಹಳೆಯ ತಮಿಳಿನ ವ್ಯಾಕರಣವೊಂದನ್ನು ಹುಡುಕಿಕೊಂಡು ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಇನ್ನೂ ಪಟ್ಟಿಗೆ ಸೇರದ ಪುಸ್ತಕಗಳ ನಡುವೆ ಅವರ ಕೈಗೆ ಸಿಕ್ಕಿದುದು ‘ಕುರುಂತೊಗೈ’, ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ತಮಿಳು ಪ್ರೇಮಕವಿತೆಗಳ ಸಂಕಲನ, ಯು. ವಿ. ಸ್ವಾಮಿನಾಥ ಅಯ್ಯರ್ ಅವರು ಸಂಪಾದಿಸಿದ್ದು. ಅಡಿಗೆಮನೆಯಲ್ಲಿ ಆಡಿದ ಮಾತಿಗೆ ಇಷ್ಟು ದೊಡ್ಡ ಕಾವ್ಯ ಪರಂಪರೆ ಇತ್ತೆಂಬುದನ್ನು ಅವರು ಅರಿತುಕೊಂಡುದು ಸಮುದ್ರದಾಚೆಯ ನೆಲಮಾಳಿಗೆಯಲ್ಲಿ! ಅಲ್ಲಿಂದ ಅವರ ಪ್ರಸಿದ್ಧ ತಮಿಳು ಅನುವಾದಗಳು ಹುಟ್ಟಿದುವು. ನಾನು ಅವರನ್ನು ಮತ್ತೋಡಿನ ಅಟ್ಟದಲ್ಲಿ ಕಂಡದ್ದಕ್ಕೆ ಈ ಘಟನೆಯ ಮುಂದೆ ಯಾವ ಮಹತ್ತ್ವವೂ ಇಲ್ಲ. ಆದರೂ ಮನೆಯ ನಿಧಿಯನ್ನು ಮನುಷ್ಯನು ಮನೆಯಲ್ಲಿ ಹುಡುಕುವುದಿಲ್ಲ ಎಂಬ ಮಟ್ಟಿಗೆ ಎರಡೂ ಒಂದೇ.

ಅವರು ತಮ್ಮ ಬರೆಹವನ್ನು ಕುರಿತು ಒಮ್ಮೆ ಹೇಳಿದುದರ ಸಾರ ಹೀಗಿದೆ: ಇಂಗ್ಲಿಷೂ ತಮ್ಮ ಶಾಸ್ತ್ರವಿಷಯಗಳೂ ತಮಗೆ ಹೊರಗಿನ ಆಕಾರಗಳನ್ನು ಕೊಟ್ಟಿವೆ, ಮೊದಲ ಮೂವತ್ತು ವರ್ಷಗಳ ಭಾರತದ ಬಾಳು, ಕನ್ನಡ, ತಮಿಳು, ಪ್ರಾಚೀನ ಕಾವ್ಯ, ಜಾನಪದ ಇವು ಒಳಗಿನ ದ್ರವ್ಯವನ್ನೂ ಬಿಂಬಗಳನ್ನೂ ಕೊಟ್ಟಿವೆ, ಈಗ ಯಾವುದು ಎಲ್ಲಿಂದ ಬಂತೆಂದು ತಮಗೇ ಹೇಳಲಾಗದು. ಈ ಮಾತನ್ನು ಓದಿದಾಗ ನನಗೆ ನಮ್ಮೂರಿನ ಗಾಜು ನೆನಪಾಯಿತು. ಕರಗುವ ತನಕ ಇದು ಮರಳು, ಇದು ಸೌಳು ಎಂದು ಬೇರೆ ಮಾಡಬಹುದು, ಬಳೆಯಾದಮೇಲೆ ಮಾಡಲಾಗದು.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಸುಖಾಂತವಾಗುತ್ತಿತ್ತು. ಆದರೆ ನನ್ನ ಮನಸ್ಸು ಒಪ್ಪುವುದಿಲ್ಲ. ರಾಮಾನುಜನ್ ಅವರ ಮನೆಯ ಮೂರು ಭಾಷೆಗಳನ್ನು ಜಗತ್ತು ಮೂರು ಐಶ್ವರ್ಯಗಳೆಂದು ಎಣಿಸಿತು. ತಾಂಡಾದ ಹುಡುಗಿಯ ಎರಡು ಭಾಷೆಗಳನ್ನು ನಾನು ಒಂದು ದೋಷವೆಂದು ಎಣಿಸಿದೆ. ಒಬ್ಬರ ಮನೆಯಲ್ಲಿ ಮಹಡಿ ಇತ್ತು, ಮಹಡಿಯ ಮೇಲೆ ಪ್ರಾಧ್ಯಾಪಕರಾದ ತಂದೆ ಇದ್ದರು. ಇನ್ನೊಬ್ಬಳ ತಾಯಿ ಕಬ್ಬಿನ ಗದ್ದೆಯಲ್ಲಿದ್ದಳು. ಎರಡು ಸಂಸ್ಕೃತಿಗಳ ನಡುವೆ ನಿಲ್ಲುವುದು ಕೆಲವರಿಗೆ ಪ್ರವಾಸ, ಕೆಲವರಿಗೆ ಪಾಡು. ಷಿಕಾಗೋದ ಕವಿತೆಯನ್ನು ಮೆಚ್ಚುವುದು ಸುಲಭ. ಅದು ದೂರದ್ದು, ಪ್ರಶಸ್ತಿ ಪಡೆದದ್ದು. ಮುಂದಿನ ಬೆಂಚಿನ ಕವಿತೆಯನ್ನು ಗುರುತಿಸುವುದು ಕಷ್ಟ. ಅದು ಹತ್ತಿರದ್ದು, ಕಾಗುಣಿತದ ತಪ್ಪಿನೊಡನೆ ಬರುತ್ತದೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕನ್ನಡ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಕತೆಗಳ ಕನ್ನಡದೊಳಗೆ ಇನ್ನೊಂದು ಮನೆಯ ಮಾತು ಉಸಿರಾಡುತ್ತಿದೆ. ಅಂಥದೊಂದು ಕತೆಯನ್ನು ಹೆಸರಿಲ್ಲದ ವಿದ್ಯಾರ್ಥಿನಿಯೊಬ್ಬಳು ತಂದುಕೊಟ್ಟಿದ್ದರೆ ನಮ್ಮ ಕೆಂಪು ಮಸಿ ಏನು ಮಾಡುತ್ತಿತ್ತೆಂದು ಅಧ್ಯಾಪಕ ಮಿತ್ರರು ಒಮ್ಮೆ ಯೋಚಿಸಬೇಕು.

ಶುದ್ಧಿಯೇ ಬೇಡವೆ ಎಂದು ಕೇಳುವವರಿದ್ದಾರೆ. ಬೇಕು. ಹಾಲು ಒಡೆಯದಂತೆ ನೋಡಿಕೊಳ್ಳಬೇಕೆಂದ ಹಿರಿಯರ ಮಾತು ಸುಳ್ಳಲ್ಲ. ಆದರೆ ಯಾವುದು ಮಜ್ಜಿಗೆಯ ಹನಿ, ಯಾವುದು ಹಾಲಿಗೆ ಹಾಕಿದ ಬೆಲ್ಲ ಎಂಬುದನ್ನು ಕುಡಿದು ನೋಡಿ ತೀರ್ಮಾನಿಸಬೇಕಲ್ಲದೆ ನಿಘಂಟನ್ನು ನೋಡಿ ಅಲ್ಲ. ಆ ಪದ್ಯದಲ್ಲಿ ‘ತಾಯಿ’ ಎಂದರೆ ಲೋಕದ ಯಾವ ತಾಯಿಯೂ ಆಗಬಹುದಿತ್ತು. ‘ಯಾಡಿ’ ಎಂದರೆ ಒಬ್ಬಳೇ.

ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕತೆಗಳಲ್ಲಿ ಒಂದು ನಮ್ಮ ಕಡೆಯ ಅಜ್ಜಿಯರಿಗೂ ತಿಳಿದಿರುವಂಥದು. ಒಬ್ಬ ಗೃಹಿಣಿಗೆ ಒಂದು ಕತೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಕತೆ ಹೇಳಲಿಲ್ಲ, ಹಾಡು ಹಾಡಲಿಲ್ಲ. ಒಳಗೇ ಇದ್ದು ಇದ್ದು ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಕತೆ ಹೊರಬಿದ್ದು ಒಂದು ಜೊತೆ ಜೋಡಾಗಿ ಬಾಗಿಲಲ್ಲಿ ಕುಳಿತುಕೊಂಡಿತು; ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತುಬಿದ್ದಿತು. ಗಂಡ ಬಂದು ನೋಡಿ, ಯಾರು ಬಂದಿದ್ದರೆಂದು ಕೇಳಿದ. ಅವಳಿಗೆ ಗೊತ್ತಿಲ್ಲ. ಜಗಳವಾಯಿತು. ಅವನು ಕಂಬಳಿ ಹೊದ್ದು ಹನುಮಂತನ ಗುಡಿಗೆ ಹೋಗಿ ಮಲಗಿದ. ಆರಿಸಿದ ಮೇಲೆ ಊರಿನ ದೀಪಗಳೆಲ್ಲ ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುವುದು ವಾಡಿಕೆ. ಅಂದು ಆ ಮನೆಯ ದೀಪ ತಡವಾಗಿ ಬಂದು, ನಡೆದುದನ್ನೆಲ್ಲ ಹೇಳಿತು. ಗಂಡನಿಗೆ ನಿಜ ತಿಳಿಯಿತು. ಬೆಳಗ್ಗೆ ಹೋಗಿ ಹೆಂಡತಿಯನ್ನು ಆ ಕತೆಯನ್ನೂ ಹಾಡನ್ನೂ ಕೇಳಿದ. “ಯಾವ ಕತೆ? ಯಾವ ಹಾಡು?” ಎಂದಳು ಅವಳು. ಅವಳಿಗೆ ಎರಡೂ ಮರೆತುಹೋಗಿದ್ದುವು. ಗಿರೀಶ ಕಾರ್ನಾಡರು 1988ರ ‘ನಾಗಮಂಡಲ’ಕ್ಕೆ ಈ ಕತೆಯನ್ನು ಬಳಸಿಕೊಂಡಿದ್ದಾರೆ, ಅವರಿಗೆ ಅದನ್ನು ಹೇಳಿದವರು ರಾಮಾನುಜನ್ ಅವರೇ.

ನನಗೆ ಈ ಕತೆಯ ಕೊನೆಯೇ ಭಯ ಹುಟ್ಟಿಸುವುದು. ಒಳಗಿನದನ್ನು ಹೇಳದಿದ್ದರೆ ಅದು ಮನೆಬಾಗಿಲಲ್ಲಿ ಅನುಮಾನವಾಗಿ ಕೂರುತ್ತದೆ ಎಂಬುದು ಒಂದು. ಆಮೇಲೆ ಯಾರೋ ಪ್ರೀತಿಯಿಂದ ಕೇಳಿದಾಗ ಹೇಳಲು ಏನೂ ಉಳಿದಿರುವುದಿಲ್ಲ ಎಂಬುದು ಇನ್ನೊಂದು. ಬೆಳದಿಂಗಳ ಹಾಡಿನಲ್ಲಿ ನನಗೆ ಈಗ ನೆನಪಿರುವುದು ‘ವೆನ್ನೆಲ’ ಎಂಬ ಒಂದು ಮಾತು, ಮತ್ತು ಅದರ ಮುಂದೆ ರಾಗ ಎಳೆಯುತ್ತಿದ್ದ ಅಜ್ಜಿಯ ಬಾಯಿ.

ಹೋದ ವರ್ಷ ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಆ ಹುಡುಗಿ ಸಿಕ್ಕಿದಳು. ಈಗ ಹುಡುಗಿಯಲ್ಲ, ಪ್ರಾಥಮಿಕ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ, ಕೈಯಲ್ಲಿ ಮಗು. “ಚೆನ್ನಾಗಿದ್ದೀರಾ ಸರ್?” ಎಂದು ಅವಳೇ ಮಾತಾಡಿಸಿದಳು. ಹದಿನೈದು ವರ್ಷಗಳಿಂದ ಹೇಳಬೇಕೆಂದಿದ್ದ ಮಾತನ್ನು ನಾನು ತಡವರಿಸುತ್ತ ಹೇಳಿದೆ: ಅಂದು ನಿಮ್ಮ ಪದ್ಯವನ್ನು ನಾನು ತಿದ್ದಬಾರದಾಗಿತ್ತಮ್ಮ. ಅವಳು ಮೊದಲು ನೆನಪಾಗದವಳಂತೆ ನೋಡಿದಳು. ಆಮೇಲೆ ನಕ್ಕು, “ಅಯ್ಯೋ ಬಿಡಿ ಸರ್, ಆಮೇಲೆ ನಾನು ಪದ್ಯ ಬರೀಲೇ ಇಲ್ಲ” ಎಂದಳು. ಆ ಪದ್ಯ ಇದೆಯೆ ಎಂದು ಕೇಳಿದೆ. ಇರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಮಗು ಅವಳ ಸೆರಗು ಎಳೆದು “ಯಾಡಿ” ಎಂದಿತು. ಅವಳು ಅದನ್ನು ಎತ್ತಿಕೊಂಡು ಬಸ್ಸು ಹತ್ತಿದಳು.

ಈ ವರ್ಷ ನಮ್ಮ ಕಾಲೇಜಿನ ಸಂಚಿಕೆಯನ್ನು ನೋಡಿಕೊಳ್ಳುವ ಹೊಣೆ ಮತ್ತೆ ನನ್ನ ಪಾಲಿಗೆ ಬಂದಿದೆ. ಬಂದಿರುವ ಪದ್ಯಗಳಲ್ಲಿ ತೆಲುಗಿನ ಮಾತಿರುವುದು ಒಂದಿದೆ, ಉರ್ದುವಿನ ಮಾತಿರುವುದು ಒಂದಿದೆ, ತಾಂಡಾದ ಮಾತಿರುವುವು ಎರಡಿವೆ. ಕಾಗುಣಿತದ ತಪ್ಪುಗಳನ್ನು ತಿದ್ದಿದ್ದೇನೆ. ಆ ಮಾತುಗಳನ್ನು ಮುಟ್ಟಿಲ್ಲ. ಅಡಿಟಿಪ್ಪಣಿಯಲ್ಲಿ ಅರ್ಥ ಕೊಡಬೇಕೆ ಎಂದು ಅಚ್ಚುಕೂಟದವರು ಕೇಳಿದರು. ಬೇಡವೆಂದೆ. ಅರ್ಥ ಬೇಕಾದವರು ಬರೆದವರನ್ನೇ ಕೇಳಲಿ; ಅವರಿಗೆ ಇನ್ನೂ ನೆನಪಿದೆ.